ಚಿಕ್ಕ ಪೋರ್ಟಬಲ್ ಪವರ್ ಸ್ಟೇಷನ್: 250 ವ್ಯಾಟ್-ಅವರ್ ಸಾಕೇ, 500 ಬೇಕೇ?

ಪೋರ್ಟಬಲ್ ಪವರ್ ಸ್ಟೇಷನ್ ಎಂದರೆ ಪ್ಲಗ್ ಪಾಯಿಂಟ್‌ಗಳಿರುವ ಒಯ್ಯಬಹುದಾದ ಬ್ಯಾಟರಿ ಪೆಟ್ಟಿಗೆ; ಅದರಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದರ ಅಳತೆ ವ್ಯಾಟ್-ಅವರ್. ಕರೆಂಟ್ ಹೋದಾಗ ಲ್ಯಾಪ್‌ಟಾಪ್, ವೈಫೈ ರೂಟರ್ ಎರಡು ನಡೆದರೆ ಸಾಕು ಎನ್ನುವುದಾದರೆ 250 ಧಾರಾಳ. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ ಒಳಗಿನ ಇನ್ವರ್ಟರ್‌ನಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ, ಹಾಗಾಗಿ ಕೈಗೆ ಸಿಗುವುದು ಸುಮಾರು 210. ಲ್ಯಾಪ್‌ಟಾಪ್ 60 ವ್ಯಾಟ್, ರೂಟರ್ 10 ವ್ಯಾಟ್ ಎಳೆದರೆ ಮೂರು ಗಂಟೆ; ಇದರ ಎರಡರಷ್ಟು ಹೊತ್ತು ಬೇಕಿದ್ದರೆ 500. ಲ್ಯಾಪ್‌ಟಾಪನ್ನು ಯುಎಸ್‌ಬಿ-ಸಿಗೆ, ರೂಟರನ್ನು ಡಿಸಿ ಪೋರ್ಟಿಗೆ ಹಾಕಿ ಇನ್ವರ್ಟರ್ ಆರಿಸಿದರೆ ಇನ್ನಷ್ಟು ಹೊತ್ತು ಬರುತ್ತದೆ.

ನಾನಂತೂ ಸಾಮರ್ಥ್ಯಕ್ಕಿಂತ ಮೊದಲು ಬ್ಯಾಟರಿ ಯಾವುದೆಂದು ನೋಡುತ್ತೇನೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಗಿಂತ ತುಸು ಭಾರ, ಆದರೆ ಸಾಮಾನ್ಯವಾಗಿ 2000ಕ್ಕೂ ಹೆಚ್ಚು ಸಲ ಚಾರ್ಜ್ ತಾಳುತ್ತದೆ, ಬೆಂಕಿಯ ಅಪಾಯವೂ ಕಡಿಮೆ. ದಿನವೂ ಬಳಸುವವರು ಇದನ್ನೇ ಆರಿಸಿ.

ಕೆಟಲ್‌ಗೆ 1000 ವ್ಯಾಟ್‌ಗಿಂತ ಹೆಚ್ಚು ಬೇಕು. ಈ ಗಾತ್ರದ ಬಹುತೇಕ ಪೆಟ್ಟಿಗೆಗಳಿಂದ ಅದು ಆಗದು. ವಿಮಾನಕ್ಕಂತೂ ಎರಡೂ ಬೇಡ, 160 ವ್ಯಾಟ್-ಅವರ್ ಮೀರಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ.