4-5ನೇ ತರಗತಿಗೆ ಊಟ, ವಿಜ್ಞಾನ, ಸುರಕ್ಷತೆ ಬಗ್ಗೆ ಹೆಚ್ಚು ಖರ್ಚಿಲ್ಲದೆ ಏನೇನು ಮಾಡಿಸಬಹುದು?

ಟೀಚರ್, ನಿಮ್ಮದು ಗಂಗಾವತಿ ತಾಲೂಕಿನ ಹಳ್ಳಿ ಶಾಲೆ, ಎರಡು ತರಗತಿ ಸೇರಿ 32 ಮಕ್ಕಳು, ಪ್ರಯೋಗಾಲಯ ಇಲ್ಲ, ಮಕ್ಕಳು ಬರುವ ದಾರಿಯಲ್ಲೇ ಎಡದಂಡೆ ಕಾಲುವೆ. "ತರಕಾರಿ ತಿನ್ನಿ, ಕೈ ತೊಳೀರಿ, ನೀರಿಗೆ ಇಳಿಯಬೇಡಿ" ಅಂತ ಎಷ್ಟು ಹೇಳಿದರೂ ಹೂಂ ಅಂದು ಮರೆತುಬಿಡ್ತಾರೆ, ಕೈಯಾರೆ ಮಾಡಿಸುವಂಥದ್ದು ಏನಿದೆ ಅಂತ ಕೇಳಿದ್ದೀರಿ. ಗೋಡೆಗೆ ಹಚ್ಚುವ ಚಾರ್ಟನ್ನು ಸದ್ಯ ಬದಿಗಿಡಿ. ಅದರಲ್ಲಿ ಸೇಬು, ದ್ರಾಕ್ಷಿ ಇರುತ್ತವೆ, ನಿಮ್ಮ ಮಕ್ಕಳ ತಟ್ಟೆಯಲ್ಲಿ ಅನ್ನ, ರೊಟ್ಟಿ, ಶೇಂಗಾ ಹಿಂಡಿ ಇರುತ್ತದೆ. ಮಕ್ಕಳ ತಟ್ಟೆಯಲ್ಲಿರುವುದನ್ನೇ ಮೇಜಿನ ಮೇಲಿಟ್ಟು ಶುರು ಮಾಡಿ.

ಮೊದಲ ದಿನಕ್ಕೆ ಅಯೋಡಿನ್ ಪರೀಕ್ಷೆ ಒಳ್ಳೆಯದು, ಪಿಷ್ಟ ಇರುವ ಪದಾರ್ಥಕ್ಕೆ ಅಯೋಡಿನ್ ತಾಗಿದರೆ ನೀಲಿಯಾಗುತ್ತದೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕಂದು ನೀರಿನಂಥದ್ದು ತನ್ನಿ, ಮುಲಾಮು ಬೇಡ. ಐದು ಚಮಚ ನೀರಿಗೆ ಹತ್ತು ಹನಿ ಹಾಕಿ, ತೆಳು ಚಹಾದ ಬಣ್ಣ ಬಂದರೆ ಸಾಕು. ಅನ್ನದ ನಾಲ್ಕು ಅಗಳು, ಜೋಳದ ರೊಟ್ಟಿ ಚೂರು, ಆಲೂಗಡ್ಡೆ ಬಿಲ್ಲೆ, ಬೆಂದ ತೊಗರಿಬೇಳೆ, ಸೌತೆಕಾಯಿ, ಉಳ್ಳಾಗಡ್ಡಿ, ಬೇಯಿಸಿದ ಮೊಟ್ಟೆಯ ಬಿಳಿ ಇವನ್ನು ಬೇರೆ ಬೇರೆ ಇಟ್ಟು ಒಂದೊಂದು ಹನಿ ಬಿಡಿಸಿ. ಹನಿ ಬಿಡುವ ಮೊದಲು ಪ್ರತಿ ಗುಂಪೂ ತನ್ನ ಊಹೆ ಬರೆದಿರಬೇಕು. ಅನ್ನ, ರೊಟ್ಟಿ, ಆಲೂಗಡ್ಡೆ ಕಡುನೀಲಿಯಾಗಿ ಕಪ್ಪಿಗೆ ತಿರುಗುತ್ತವೆ. ಸೌತೆ, ಉಳ್ಳಾಗಡ್ಡಿ, ಮೊಟ್ಟೆ ಕಂದಾಗಿಯೇ ಉಳಿಯುತ್ತವೆ. ಬೇಳೆಯೂ ನೀಲಿಯಾಗುತ್ತದೆ! "ಬೇಳೆ ಅಂದ್ರೆ ಪ್ರೋಟೀನ್" ಅಂತ ಬಾಯಿಪಾಠ ಮಾಡಿದ ಮಕ್ಕಳು ಇಲ್ಲೇ ತಡೆದು ನಿಲ್ಲುತ್ತಾರೆ. ಬೇಳೆಯಲ್ಲಿ ಪಿಷ್ಟವೂ ಇದೆ, ಪ್ರೋಟೀನೂ ಇದೆ, ಒಂದು ಪದಾರ್ಥದಲ್ಲಿ ಒಂದೇ ಪೋಷಕಾಂಶ ಇರುವುದಿಲ್ಲ ಅನ್ನೋದನ್ನು ಆಗಲೇ ಹೇಳಿ.

ಈ ಪ್ರಯೋಗ ಸಾಮಾನ್ಯವಾಗಿ ಕೆಡುವುದು ಎರಡು ಕಾರಣಕ್ಕೆ. ಅನ್ನ ಬಿಸಿ ಇದ್ದರೆ ನೀಲಿ ಬಣ್ಣ ನಿಲ್ಲುವುದಿಲ್ಲ, ಪಿಷ್ಟಕ್ಕೂ ಅಯೋಡಿನ್‌ಗೂ ಇರುವ ಹಿಡಿತ ಬಿಸಿಗೆ ಸಡಿಲವಾಗುತ್ತದೆ, ಪೂರ್ತಿ ಆರಲಿ. ಲಿಂಬೆ ಹಿಂಡಿದ ಪದಾರ್ಥ ಇಟ್ಟರೂ ಬಣ್ಣ ಹಾರಿಹೋಗುತ್ತದೆ, ವಿಟಮಿನ್ ಸಿ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಆಗಿ ಬದಲಿಸಿಬಿಡುತ್ತದೆ. ಹನಿ ಬಿದ್ದದ್ದನ್ನು ಯಾರೂ ಬಾಯಿಗೆ ಹಾಕಬಾರದು, ಅದಕ್ಕೊಂದು ಬೇರೆ ಡಬ್ಬಿ ಇಡಿ. ಮನೆಯಲ್ಲಿ ಮೊಟ್ಟೆ ಮುಟ್ಟದ ಮಕ್ಕಳಿಗೆ ಬೇರೆ ಮಾದರಿ ಕೊಡಿ, ಒತ್ತಾಯ ಬೇಡ. ಪ್ರೋಟೀನ್ ಪತ್ತೆಗೆ ಮೈಲುತುತ್ತ, ಕಾಸ್ಟಿಕ್ ಸೋಡಾ ಬಳಸುವ ಪರೀಕ್ಷೆ ಹೈಸ್ಕೂಲಿಗೆ ಸೇರಿದ್ದು, ಈ ವಯಸ್ಸಿಗೆ ಅದನ್ನು ತರಲೇಬೇಡಿ.

ಎಣ್ಣೆ ಅಂಶ ತೋರಿಸಲು ಶೇಂಗಾ ಸಾಕು. ನಾಲ್ಕು ಕಾಳನ್ನು ಹಳೇ ನೋಟ್‌ಬುಕ್ ಹಾಳೆಯ ಮೇಲೆ ಜಜ್ಜಿಸಿ, ಪಕ್ಕದಲ್ಲಿ ಒಂದು ಹನಿ ನೀರು ಬಿಡಿಸಿ. ನೀರಿನ ಕಲೆ ಒಣಗಿ ಹೋಗುತ್ತದೆ, ಶೇಂಗಾದ ಕಲೆಯಿಂದ ಬೆಳಕು ತೂರಿ ಬರುತ್ತಲೇ ಇರುತ್ತದೆ. ಮಿರ್ಚಿ ಭಜಿ ಕಟ್ಟಿದ ಪೇಪರ್ ಹೀಗೇ ಆಗುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಮುದ್ರಣದ ಮಸಿ ಆಹಾರಕ್ಕೆ ಇಳಿಯುತ್ತದೆ, ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು ಅನ್ನೋದನ್ನೂ ಅಲ್ಲೇ ಸೇರಿಸಿ.

ಇನ್ನು ಬಿಸಿಯೂಟ. 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಅನ್ನೋದು ಯೋಜನೆಯ ಲೆಕ್ಕ. ಮುಖ್ಯ ಗುರುಗಳಿಗೆ, ಅಡುಗೆಯವರಿಗೆ ಮೊದಲೇ ಹೇಳಿ, ಕೈ ತೊಳೆಸಿ, ಕಿರಾಣಿ ತಕ್ಕಡಿಯಲ್ಲಿ ಒಂದು ಮಗುವಿನ ಪಾಲನ್ನು ಹಸಿಯಾಗಿಯೇ ತೂಗಿಸಿ. 50 ಗ್ರಾಂ ಪುಂಡಿ ಸೊಪ್ಪು ಎಷ್ಟು ದೊಡ್ಡ ಹಿಡಿ, 20 ಗ್ರಾಂ ಬೇಳೆ ಎಷ್ಟು ಸಣ್ಣ ರಾಶಿ ಅಂತ ಕಣ್ಣಾರೆ ಕಾಣಬೇಕು. ಆಮೇಲೆ 32 ಮಕ್ಕಳಿಗೆ ಗುಣಿಸಲಿ: 3.2 ಕೆಜಿ ಅಕ್ಕಿ, 640 ಗ್ರಾಂ ಬೇಳೆ, 1.6 ಕೆಜಿ ತರಕಾರಿ. ಗಣಿತದ ಪಾಠವೂ ಆಯಿತು. ಒಲೆ ಉರಿಯುವಾಗ ಮಾತ್ರ ಮಕ್ಕಳು ಅಡುಗೆ ಕೋಣೆಯ ಹೊಸ್ತಿಲು ದಾಟಬಾರದು.

ಇಲ್ಲೊಂದು ಕಳಕಳಿಯ ಮಾತು. "ನಿನ್ನೆ ರಾತ್ರಿ ಏನು ಉಂಡೆ?" ಅಂತ ತರಗತಿಯಲ್ಲಿ ಎಲ್ಲರೆದುರು ಕೇಳಬೇಡಿ. ಬರೀ ರೊಟ್ಟಿ, ಖಾರ ಉಂಡ ಮಗು ತಲೆ ತಗ್ಗಿಸುತ್ತದೆ, ಅಥವಾ ಸುಳ್ಳು ಹೇಳುತ್ತದೆ. ಬದಲಿಗೆ "ರೊಟ್ಟಿ, ಖಾರದ ತಟ್ಟೆಗೆ ನಮ್ಮೂರಲ್ಲೇ ಸಿಗುವ ಏನೇನು ಸೇರಿಸಬಹುದು?" ಅಂತ ಕೇಳಿ. ತೊಳೆದ ಹಕ್ಕರಕಿ, ಹಸಿ ಮೆಂತ್ಯ ಸೊಪ್ಪು, ಮಡಿಕೆ ಕಾಳಿನ ಉಸುಳಿ, ಗುರೆಳ್ಳು ಹಿಂಡಿ, ಒಂದು ಹೋಳು ಲಿಂಬೆ ಅಂತ ಮಕ್ಕಳೇ ಪಟ್ಟಿ ಬೆಳೆಸುತ್ತಾರೆ.

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆಗೆ ಒಂದು ಪ್ರಯೋಗ ಜೋಡಿಸಿ. ಗೋಬಿ ಮಂಚೂರಿ ಗಾಡಿಯವರು ಬಳಸುವ ವಿನೆಗರ್ ಅರ್ಧ ಲೋಟದಲ್ಲಿ ನಾಲ್ಕು ಕಬ್ಬಿಣದ ಮೊಳೆ ಹಾಕಿ ಒಂದೆರಡು ದಿನ ಬಿಡಿ. ಒಳಗೆ ಅನಿಲ ಹುಟ್ಟುತ್ತದೆ, ಮುಚ್ಚಳ ಬಿಗಿ ಮಾಡಬೇಡಿ. ಆ ನೀರನ್ನು ಎರಡು ಚಮಚದಷ್ಟು ಹಾಲಿಲ್ಲದ ಗಟ್ಟಿ ಚಹಾಕ್ಕೆ ಹಾಕಿದರೆ ಚಹಾ ಮಸಿಯಂತೆ ಕಪ್ಪಾಗುತ್ತದೆ. ಸತು ಲೇಪಿಸಿದ ಹೊಳೆಯುವ ಮೊಳೆ ತಂದರೆ ಇದು ಸರಿಯಾಗಿ ಆಗದು. ಚಹಾದಲ್ಲಿರುವ ಟ್ಯಾನಿನ್ ಅನ್ನುವ ಒಗರು ಪದಾರ್ಥ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಹೊಟ್ಟೆಯಲ್ಲೂ ಹಾಗೇ ಹಿಡಿದರೆ ಮೈಗೆ ಸೇರುವುದು ಕಡಿಮೆಯಾಗುತ್ತದೆ. ಊಟದ ಜೊತೆ, ಮಾತ್ರೆಯ ಜೊತೆ ಚಹಾ ಬೇಡ ಅನ್ನೋದಕ್ಕೆ ಬೇರೆ ಭಾಷಣ ಬೇಕಾಗುವುದಿಲ್ಲ.

ಕೈ ತೊಳೆಯುವುದಕ್ಕೆ ಅರಿಷಿಣ ಬಳಸಿ. ಒಂದು ಚಮಚ ಅರಿಷಿಣ, ಎರಡು ಚಮಚ ಅಡುಗೆ ಎಣ್ಣೆ ಕಲಸಿ, ಆರೇಳು ಮಕ್ಕಳ ಕೈಗೆ ತೆಳ್ಳಗೆ ಸವರಿ. ಇಬ್ಬರು ಬರೀ ನೀರು, ಇಬ್ಬರು ಐದು ಸೆಕೆಂಡ್ ಸೋಪು, ಉಳಿದವರು ಬೆರಳ ಸಂದಿ, ಹೆಬ್ಬೆರಳು, ಉಗುರು ಬಿಡದೆ 20 ಸೆಕೆಂಡ್ ಸೋಪು. ಹಳದಿ ಎಲ್ಲಿ ಉಳಿಯಿತು ಅಂತ ಕೈಯ ಚಿತ್ರ ಬರೆದು ಬಣ್ಣ ತುಂಬಲಿ. ಹೆಬ್ಬೆರಳ ಬುಡ, ಉಗುರಿನ ಅಂಚು ಹೆಚ್ಚಾಗಿ ತಪ್ಪಿಹೋಗುವ ಜಾಗ. ಸೋಪು ತಾಗಿದ ಕೂಡಲೇ ಅರಿಷಿಣ ಕೆಂಪಾಗುತ್ತದೆ, ಸಣ್ಣ ಮಕ್ಕಳು ರಕ್ತ ಅಂತ ಹೆದರಬಹುದು, ಸೋಪು ಕ್ಷಾರ ಅನ್ನೋದನ್ನು ಮೊದಲೇ ಹೇಳಿಡಿ. ಸಮವಸ್ತ್ರದ ತೋಳು ಮಡಚಿಸಿ, ಕಲೆ ಸುಲಭಕ್ಕೆ ಹೋಗದು. ಇನ್ನು ತಟ್ಟೆಯ ನೀರಿಗೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪಿನ ಬೆರಳು ಅದ್ದಿ, "ನೋಡಿ, ರೋಗಾಣು ಓಡಿಹೋದವು" ಅನ್ನುವ ವಿಡಿಯೊ ಎಲ್ಲ ಕಡೆ ಓಡಾಡುತ್ತಿದೆ. ದಯವಿಟ್ಟು ಹಾಗೆ ಹೇಳಿಕೊಡಬೇಡಿ. ಅಲ್ಲಿ ಪುಡಿ ಸರಿಯುವುದು ನೀರಿನ ಮೇಲ್ಮೈ ಎಳೆತ ಕಡಿಮೆಯಾದದ್ದಕ್ಕೆ. ಕೈ ಮೇಲಿನ ರೋಗಾಣು ಸೋಪಿಗೆ ಹೆದರಿ ಓಡುವುದಿಲ್ಲ, ಸೋಪು ಜಿಡ್ಡನ್ನು ಸಡಿಲಿಸುತ್ತದೆ, ಉಜ್ಜಿ ತೊಳೆದಾಗ ನೀರಿನೊಂದಿಗೆ ಹೋಗುತ್ತವೆ. ತಪ್ಪು ವಿವರಣೆ ಕೇಳಿದ ಮಗು ಉಜ್ಜುವುದನ್ನೇ ಬಿಡುತ್ತದೆ.

ಬೂಸ್ಟು ಬೆಳೆಸಲು ಮೆತ್ತನೆಯ ರೊಟ್ಟಿಗೆ ನೀರು ಚಿಮುಕಿಸಿ ಒಂದು ಪ್ಲಾಸ್ಟಿಕ್ ಕವರಿಗೆ, ಖಡಕ್ ರೊಟ್ಟಿಯನ್ನು ಇನ್ನೊಂದಕ್ಕೆ ಹಾಕಿ, ಟೇಪು ಸುತ್ತಿ, ತಾರೀಖು ಬರೆಯಿರಿ. ಕೆಲವೇ ದಿನಗಳಲ್ಲಿ ಮೆತ್ತನೆಯದಕ್ಕೆ ಬೂಸ್ಟು, ಖಡಕ್ ಹಾಗೇ. ಅಜ್ಜಿಯರು ರೊಟ್ಟಿ ಒಣಗಿಸಿ ಪೇರಿಸಿಡುವುದರ ಕಾರಣ ಇದೇ, ತೇವ ಇಲ್ಲದೆ ಬೂಸ್ಟು ಬೆಳೆಯದು. ಏಪ್ರಿಲ್ ಬಿಸಿಲಲ್ಲಿ ಮಾಡಬೇಡಿ, ಮಳೆಗಾಲದಲ್ಲಿ ಮಾಡಿ. ಕವರ್ ಮಾತ್ರ ಕೊನೆಯವರೆಗೂ ಬಿಚ್ಚಬಾರದು, ಹಾಗೇ ಹೂಳಿ.

ಮೊಳಕೆ ಬರಿಸುವ ಪ್ರಯೋಗ ನಿಮಗೆ ಗೊತ್ತೇ ಇರುತ್ತದೆ. ಒಂದೇ ಎಚ್ಚರಿಕೆ: "ಮನೆಯಿಂದ ಬೀಜ ತನ್ನಿ" ಅಂದರೆ ನಮ್ಮ ಕಡೆ ಮಕ್ಕಳು ಬಿತ್ತನೆ ಪಾಕೀಟಿನ ಗುಲಾಬಿ, ನೀಲಿ ಬಣ್ಣದ ಹತ್ತಿ, ಸಜ್ಜೆ ಬೀಜ ತರುತ್ತಾರೆ. ಆ ಬಣ್ಣ ಔಷಧ ಲೇಪಿಸಿದ ಗುರುತು, ಬರಿಗೈಯಲ್ಲಿ ಮುಟ್ಟುವಂಥದ್ದಲ್ಲ. "ಅಡುಗೆ ಮನೆಯ ಹೆಸರುಕಾಳು" ಅಂತಲೇ ಹೇಳಿ. ಇದೇ ನೆಪದಲ್ಲಿ ಕ್ರಿಮಿನಾಶಕ ಡಬ್ಬಿಯ ಮೇಲಿನ ಬಣ್ಣದ ಗುರುತು ಬೋರ್ಡಿನ ಮೇಲೆ ಬರೆಸಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರಿದ್ದರೂ ಅದು ಕ್ರಿಮಿನಾಶಕವೇ, ಕುಡಿಯುವ ನೀರಿಗೆ ಆ ಡಬ್ಬಿ ಸಲ್ಲದು. ಖಾಲಿ ಡಬ್ಬಿಯನ್ನೂ ತರಗತಿಗೆ ತರಬೇಡಿ.

ಕಾಲುವೆಗೆ ಒಂದು ವಾರವನ್ನೇ ಕೊಡಿ. ಈಜು ಬರುವ ಹುಡುಗನಿಗೂ ಅಲ್ಲಿ ಹತ್ತಿ ಬರಲಾಗದು, ಇಳಿಜಾರು ಕಾಂಕ್ರೀಟಿಗೆ ಪಾಚಿ ಕಟ್ಟಿರುತ್ತದೆ. ಅದನ್ನು ಶಾಲೆಯಲ್ಲೇ ತೋರಿಸಬಹುದು. ಒಂದು ಮೀಟರ್ ಉದ್ದದ ಹಲಗೆ, ಒಂದು ಚಪ್ಪಲಿ, ಅದರೊಳಗೆ ಒಂದು ಕಲ್ಲು. ಹಲಗೆಯ ಒಂದು ತುದಿಯನ್ನು ನಿಧಾನ ಎತ್ತುತ್ತಾ ಹೋಗಿ, ಚಪ್ಪಲಿ ಜಾರುವ ಕ್ಷಣಕ್ಕೆ ಎತ್ತರವನ್ನು ಸ್ಕೇಲಿನಿಂದ ಅಳೆಯಲಿ. ಒಣ ಹಲಗೆ, ಒದ್ದೆ ಹಲಗೆ, ಸೋಪಿನ ನೀರು ಬಳಿದ ಪ್ಲಾಸ್ಟಿಕ್ ಹಾಳೆ, ಪ್ರತಿಯೊಂದಕ್ಕೂ ಮೂರು ಸಲ. ಇಲ್ಲಿ ಸೋಪು ಕಾಲುವೆಯ ಪಾಚಿಯಿದ್ದಂತೆ, ಪ್ಲಾಸ್ಟಿಕ್ ಕೃಷಿ ಹೊಂಡದ ಅಂಚಿಗೆ ಹಾಸಿದ ಹಾಳೆಯಿದ್ದಂತೆ. ಸೋಪಿನ ಹಾಳೆಯ ಮೇಲೆ ಚಪ್ಪಲಿ ಎಷ್ಟು ಬೇಗ ಜಾರುತ್ತದೆಂದು ಬರೆದ ಮೇಲೆ, ಕಾಲುವೆಯ, ಹೊಂಡದ ದಂಡೆಯಲ್ಲಿ ಕಾಲಿಟ್ಟರೆ ಏನಾಗುತ್ತದೆ ಅಂತ ಮಕ್ಕಳೇ ಹೇಳಲಿ.

ಎರಡನೆಯದು ಹಗ್ಗದ ಅಭ್ಯಾಸ. ಮುಳುಗುವ ಗೆಳೆಯನನ್ನು ಹಿಡಿಯಲು ಹಾರಿ ಇಬ್ಬರೂ ಹೋಗುವುದನ್ನು ತಪ್ಪಿಸಲು ಇದು ಬೇಕೇ ಬೇಕು. ಐದು ಲೀಟರಿನ ಖಾಲಿ ಅಡುಗೆ ಎಣ್ಣೆ ಕ್ಯಾನ್, ಒಳಗೆ ಒಂದು ಲೋಟ ನೀರು, ಮುಚ್ಚಳ ಬಿಗಿ. ನೀರಿಲ್ಲದ ಕ್ಯಾನ್ ಗಾಳಿಗೆ ತೇಲಿ ಅಡ್ಡ ಬೀಳುತ್ತದೆ. ಹಿಡಿಕೆಗೆ 10 ಮೀಟರ್ ಹಗ್ಗ ಕಟ್ಟಿ. ಇನ್ನೊಂದು ತುದಿಗೆ ಗಂಟು ಹಾಕಿ ಕಾಲಡಿ ಮೆಟ್ಟಿ ಹಿಡಿಯಬೇಕು, ಸೊಂಟಕ್ಕಾಗಲಿ ಕೈಗಾಗಲಿ ಕಟ್ಟಿಕೊಳ್ಳಬಾರದು. ಮೈದಾನದಲ್ಲಿ ಆರು ಮೀಟರ್ ದೂರಕ್ಕೆ ಸುಣ್ಣದ ವೃತ್ತ ಬರೆದು, ಮುಳುಗುವವನು ಅಲ್ಲಿದ್ದಾನೆ ಅಂದುಕೊಂಡು ಕ್ಯಾನ್ ಎಸೆಸಿ. ಕ್ಯಾನ್ ವೃತ್ತವನ್ನು ದಾಟಿ ಬಿದ್ದು, ಹಗ್ಗ ವೃತ್ತದ ಮೇಲೆ ಹಾಯಬೇಕು, ನೇರ ಗುರಿಯಿಟ್ಟರೆ ಅವನ ತಲೆಗೆ ಬಡಿಯುತ್ತದೆ. ಎಳೆಯುವಾಗ ನೆಲಕ್ಕೆ ಮಲಗಿ ಎಳೆಯಲಿ. ಇದೆಲ್ಲದಕ್ಕಿಂತ ಮೊದಲು ದೊಡ್ಡವರನ್ನು ಕೂಗುವುದು, ಆಮೇಲೆ 112. ಅಭ್ಯಾಸವನ್ನು ಕಾಲುವೆ ದಂಡೆಯ ಮೇಲೆ ಮಾಡಿಸಲೇಬೇಡಿ.

ಅಭ್ಯಾಸ ಮುಗಿದ ಮೇಲೆ ಕ್ಯಾನು, ಹಗ್ಗ ಕಪಾಟಿಗೆ ಹೋಗಿ ಬೀಗ ಬೀಳಬಾರದು. ಇಂಥವೇ ಎರಡು ಮಾಡಿಸಿ. ಒಂದು ಶಾಲೆಯಲ್ಲಿರಲಿ, ಇನ್ನೊಂದನ್ನು ಕಾಲುವೆ ಸೇತುವೆಗೆ ಹತ್ತಿರದ ಮನೆಯವರನ್ನು ಕೇಳಿ ಅವರ ಪಡಸಾಲೆಯ ಮೊಳೆಗೆ ನೇತುಹಾಕಿ. ಆ ಮನೆ ಯಾವುದು ಅಂತ 32 ಮಕ್ಕಳಿಗೂ ಗೊತ್ತಿರಲಿ.