ಪ್ರೋಗ್ ಬಿಟ್ಟರೆ ನನಗೆ ಯಕ್ಷಗಾನದ ಹಿಮ್ಮೇಳ

ಪ್ರೋಗ್, ಅಂದರೆ ಪ್ರೋಗ್ರೆಸಿವ್ ರಾಕ್ ಬಿಟ್ಟರೆ ಯಾವ ಸಂಗೀತ ಇಷ್ಟ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನನಗೆ ಯಕ್ಷಗಾನದ ಹಿಮ್ಮೇಳ, ಅಂದರೆ ಹಾಡು, ಚೆಂಡೆ, ಮದ್ದಳೆ; ಅದೂ ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯದು. ನಾನು ಕಾಸರಗೋಡಿನವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ತಿರ. ಚಿಕ್ಕಂದಿನಲ್ಲಿ ಆಟ ನೋಡುತ್ತಾ ನಿದ್ದೆ ಹೋದರೂ ಚೆಂಡೆಯ ಪೆಟ್ಟಿಗೆ ಎಚ್ಚರ ಆಗುತ್ತಿತ್ತು.

ಪ್ರೋಗ್ ಕೇಳುವವರಿಗೆ ತಾಳದ ಲೆಕ್ಕ ಇಷ್ಟ, ಅಲ್ವಾ? ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಹಾಡು ಹೆಚ್ಚಿನ ಭಾಗ 7ರ ಎಣಿಕೆಯಲ್ಲಿ ಓಡುತ್ತದೆ. ನಮ್ಮ ತ್ರಿವುಡೆ ತಾಳವೂ 7ರದ್ದೇ. ಆದರೆ ಇಲ್ಲಿ ವೇಗ ಮೊದಲೇ ಬರೆದಿಟ್ಟದ್ದಲ್ಲ. ಹಾಡುವ ಭಾಗವತರು ಜಾಗಟೆ ಹಿಡಿದು ಕಾಲ ಏರಿಸುತ್ತಾರೆ. ಮದ್ದಳೆ, ಚೆಂಡೆ ಅದನ್ನು ಆ ಕ್ಷಣಕ್ಕೇ ಹಿಡಿಯಬೇಕು. ವೇಷಧಾರಿಯ ಹೆಜ್ಜೆಯೂ ಕೂಡಬೇಕು. ಯುದ್ಧದ ಪದಕ್ಕೆ ಚೆಂಡೆ ಏರುವಾಗ ಎದೆಯೊಳಗೇ ಬಡಿದ ಹಾಗಾಗುತ್ತದೆ. ರೆಕಾರ್ಡಿಂಗ್‌ನಲ್ಲಿ ಅದು ಸಿಗುವುದೇ ಇಲ್ಲ.

ಜಾಝ್ ಕೂಡ ಕೇಳುತ್ತೇನೆ. ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ 1959ರ ‘ಟೇಕ್ ಫೈವ್’ 5ರ ಎಣಿಕೆ, ನಿಮಗೆ ಖಂಡಿತ ಹಿಡಿಸುತ್ತದೆ.

ಯಕ್ಷಗಾನಕ್ಕೆ ಹೊಸಬರಾದರೆ ಮೊದಲು ತಾಳಮದ್ದಳೆ ಕೇಳಿ. ವೇಷ, ಕುಣಿತ ಇರುವುದಿಲ್ಲ. ಕಿವಿ ಪದ್ಯ, ಮಾತಿನ ಮೇಲೆಯೇ ನಿಲ್ಲುತ್ತದೆ. ಆಮೇಲೆ ಮಳೆಗಾಲ ಕಳೆದು ಮೇಳಗಳು ತಿರುಗಾಟ ಹೊರಟಾಗ ನಮ್ಮ ಕಡೆಗೆ ಬನ್ನಿ. ರಂಗಸ್ಥಳದ ಹತ್ತಿರವೇ ಕೂತುಕೊಳ್ಳಿ.