ಹುಲ್ಲು ಒಣಗಿದರೆ ಆಟ ನಿಲ್ಲುತ್ತದೆಯೇ?

ಓದುಗರೊಬ್ಬರ ಪತ್ರ: "ಟಿವಿಯಲ್ಲಿ ಗಾಲ್ಫ್ ನೋಡಿ ನನಗೂ ಮಗಳಿಗೂ ಆಡುವ ಆಸೆ ಹುಟ್ಟಿತು. ವಿಚಾರಿಸಿದರೆ ಸದಸ್ಯತ್ವ, ಕಿಟ್, ಕೋಚಿಂಗ್, ಕಾಲರ್ ಇರುವ ಶರ್ಟು ಅಂತ ಪಟ್ಟಿ ಬೆಳೆಯುತ್ತಲೇ ಹೋಯಿತು. ಇದು ಮೊದಲಿನಿಂದಲೂ ದುಡ್ಡಿದ್ದವರ ಆಟ, ಅಗ್ಗ ಮಾಡಲು ಹೋದರೆ ಆಟವೇ ಕೆಡುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನೀವೇನು ಹೇಳುತ್ತೀರಿ?"

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ನಿಮ್ಮ ಗೆಳೆಯರ ಮಾತು ಓದಿ ಸಿಟ್ಟು ಬಂತು. ಮೊದಲು ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. 18 ಹೋಲ್‌ಗಳ ಮೈದಾನಕ್ಕೆ ಜಾಗ ಬೇಕು, ನೀರು ಬೇಕು, ಹುಲ್ಲು ಕತ್ತರಿಸಲು ಆಳು ಬೇಕು. (ಚೆಂಡನ್ನು ಕೊನೆಗೆ ಬೀಳಿಸುವ ಕುಳಿ, ಅಲ್ಲಿಗೆ ಹೋಗುವ ಹಾದಿ ಎರಡೂ ಸೇರಿ ಒಂದು ಹೋಲ್.) ಆ ಖರ್ಚನ್ನು ಯಾರಾದರೂ ಹೊರಲೇಬೇಕು. ಒಪ್ಪಿದೆ. ಅವರ ವಾದದಲ್ಲಿ ಹುರುಳಿರುವುದು ಅಷ್ಟೇ.

"ಮೊದಲಿನಿಂದಲೂ ದುಡ್ಡಿದ್ದವರ ಆಟ" ಅಂತೆ! 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಫುಟ್‌ಬಾಲ್ ಜೊತೆಗೆ ಗಾಲ್ಫನ್ನೂ ನಿಷೇಧಿಸಿತು. ಜನ ಬಿಲ್ಲು ಬಾಣದ ಅಭ್ಯಾಸ ಬಿಟ್ಟು ಚೆಂಡಿನ ಹಿಂದೆ ಹೋಗುತ್ತಿದ್ದಾರೆ ಎಂಬುದು ದೂರು. ನಾಲ್ಕು ಜನ ಸಾಹುಕಾರರು ಮಾತ್ರ ಆಡುತ್ತಿದ್ದರೆ ಅದಕ್ಕೊಂದು ಕಾನೂನು ಬೇಕಿತ್ತೇ? ಅಲ್ಲಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನ ಇವತ್ತಿಗೂ ಸಾರ್ವಜನಿಕ ಜಾಗ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ. ಊರಿನವರು ನಾಯಿ ಕರೆದುಕೊಂಡು ಅದರ ಮೇಲೆಲ್ಲ ಅಡ್ಡಾಡುತ್ತಾರೆ.

ಅಗ್ಗವಾದರೆ ಆಟ ಕೆಡುತ್ತದೆಯೇ ಎಂಬುದಕ್ಕೂ ಚರಿತ್ರೆಯಲ್ಲಿ ಉತ್ತರ ಇದೆ. ಹಿಂದೆ ಚರ್ಮದ ಚೀಲಕ್ಕೆ ಬೇಯಿಸಿದ ಹಕ್ಕಿಗರಿ ತುರುಕಿ ಚೆಂಡು ಹೊಲಿಯುತ್ತಿದ್ದರು. ನುರಿತ ಕೆಲಸಗಾರನಿಗೂ ದಿನಕ್ಕೆ ಬೆರಳೆಣಿಕೆಯಷ್ಟೇ ಆಗುತ್ತಿತ್ತು. ಮಳೆಯಲ್ಲಿ ನೆನೆದರೆ ಅದು ಹಾಳು. 1848ರ ಹೊತ್ತಿಗೆ ಗಟ್ಟಾ ಪರ್ಚಾ ಎಂಬ ಮರದ ಅಂಟಿನ ಚೆಂಡು ಬಂತು. ಬಿಸಿನೀರಿನಲ್ಲಿ ಮೆದುವಾಗುತ್ತದೆ, ಜಜ್ಜಿಹೋದರೆ ಮತ್ತೆ ಉಂಡೆ ಕಟ್ಟಬಹುದು. ಬೆಲೆ ಇಳಿಯಿತು, ಆಡುವವರು ಹೆಚ್ಚಿದರು. ಆಟ ಕೆಟ್ಟಿತೇ? 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಶಿಪ್ಪೇ ನಡೆಯಿತು. ಅದೂ ಪ್ರೆಸ್ಟ್‌ವಿಕ್‌ನಲ್ಲಿ, ಬರೀ 12 ಹೋಲ್‌ಗಳ ಮೈದಾನದಲ್ಲಿ. 18 ಎಂಬುದು ಆಕಾಶದಿಂದ ಇಳಿದ ಸಂಖ್ಯೆಯಲ್ಲ. 1764ರ ತನಕ ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತು ಎಂದರೆ 22 ಹೋಲ್. ಅವರು ಬೇಕಾದಾಗ ಬದಲಾಯಿಸಿಕೊಂಡರು. ನಾವು ಒಂಬತ್ತಕ್ಕೆ ಇಳಿಸಿಕೊಂಡರೆ ಯಾರಿಗೇನು ನಷ್ಟ? ಜಾಗ ಅರ್ಧ, ಹೊತ್ತೂ ಅರ್ಧ. ಎಲ್ಲವೂ ಪಾರ್ ಮೂರರ, ಅಂದರೆ ನುರಿತವರು ಮೂರು ಹೊಡೆತದಲ್ಲಿ ಮುಗಿಸಬೇಕಾದ, ಹೋಲ್‌ಗಳಾದರೆ ಇನ್ನೂ ಚಿಕ್ಕ ಜಾಗ ಸಾಕು.

ನನ್ನ ನಿಜವಾದ ತಕರಾರು ಹುಲ್ಲಿನ ಮೇಲೆ. ಟಿವಿಯಲ್ಲಿ ಕಾಣುವ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು ಇದೆಯಲ್ಲ, ಅದನ್ನು ಮೂರು ಮಿಲಿಮೀಟರಿನ ಆಸುಪಾಸಿಗೆ ಕತ್ತರಿಸಿರುತ್ತಾರೆ. ಅಷ್ಟು ಬೋಳಿಸಿದ ಹುಲ್ಲು ತಾನಾಗಿ ಬದುಕುವುದಿಲ್ಲ. ನೀರು, ಗೊಬ್ಬರ, ಔಷಧಿ, ಮೆಷಿನ್ನು ಎಲ್ಲ ಸೇರಿ ಅದನ್ನು ಐಸಿಯುನಲ್ಲಿ ಇಟ್ಟ ಹಾಗೆ ಉಳಿಸುತ್ತವೆ. ಬಿಲ್ಲು ಬರುವುದು ನಿಮ್ಮ ಮನೆಗೆ. ಈ ಆಟ ಹುಟ್ಟಿದ ಕಡಲ ತೀರದಲ್ಲಿ ಹುಲ್ಲು ಮೇಯ್ದು ಗಿಡ್ಡ ಮಾಡಿದ್ದು ಕುರಿಗಳು, ಮೊಲಗಳು. ಬೇಸಿಗೆಯಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿದರೆ ಯಾರೂ ಅಳುತ್ತಿರಲಿಲ್ಲ. ಚೆಂಡು ಇನ್ನಷ್ಟು ದೂರ ಉರುಳುತ್ತಿತ್ತು, ಅಷ್ಟೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕೂಬರ್ ಪೀಡಿ ಎಂಬ ಗಣಿ ಊರಿದೆ. ಅಲ್ಲಿನ ಗಾಲ್ಫ್ ಮೈದಾನದಲ್ಲಿ ಹುಲ್ಲೇ ಇಲ್ಲ. ಆಡುವವರು ಒಂದು ತುಂಡು ಕೃತಕ ಹುಲ್ಲನ್ನು ಜೊತೆಗೆ ಹೊತ್ತು, ಚೆಂಡನ್ನು ಅದರ ಮೇಲಿಟ್ಟು ಹೊಡೆಯುತ್ತಾರೆ. ಹಗಲು ಸೆಕೆ ಜಾಸ್ತಿಯಾದರೆ ರಾತ್ರಿ ಹೊಳೆಯುವ ಚೆಂಡಿನಲ್ಲಿ ಆಡುತ್ತಾರೆ. ಅವರು ಆಡುವುದೂ ಗಾಲ್ಫೇ ಅಲ್ವಾ?

ಇನ್ನು ಕಿಟ್. ಬ್ಯಾಗಿನಲ್ಲಿ 14 ಕ್ಲಬ್ (ಚೆಂಡು ಹೊಡೆಯುವ ಕೋಲು) ಮೀರಬಾರದು ಎಂಬ ಮಿತಿ ಬಂದದ್ದು 1938ರಲ್ಲಿ. ಅದು ಗರಿಷ್ಠ ಮಿತಿ, ಅಷ್ಟೂ ಇರಲೇಬೇಕು ಎಂದಲ್ಲ. ಅಂಗಡಿಯವರು ಮಾತ್ರ ಇದನ್ನು ಹೇಳುವುದಿಲ್ಲ. ಅಮೆರಿಕದ ಆಟಗಾರ ಚಿಕ್ ಇವಾನ್ಸ್ 1916ರ ಯು.ಎಸ್. ಓಪನ್ ಗೆದ್ದದ್ದು ಏಳೇ ಕ್ಲಬ್ಬಿನಲ್ಲಿ. ಸ್ಪೇನಿನ ಹೆಸರಾಂತ ಆಟಗಾರ ಸೆವೆ ಬಾಯೆಸ್ಟೆರೋಸ್ ಹುಡುಗನಾಗಿದ್ದಾಗ ಒಂದೇ ಒಂದು ಮೂರನೇ ನಂಬರಿನ ಐರನ್ (ಲೋಹದ ತಲೆಯ ಕ್ಲಬ್) ಹಿಡಿದು ಸಮುದ್ರದ ಮರಳಿನಲ್ಲಿ ಕಲಿತ. ಹೊಸ ಸೆಟ್ಟಿನ ಏಳನೇ ನಂಬರಿನ ಐರನ್ ಹಳೆಯದಕ್ಕಿಂತ ದೂರ ಹೊಡೆಯುತ್ತದೆ ಎಂಬ ಜಾಹೀರಾತು ನೋಡಿರುತ್ತೀರಿ. ಅದರಲ್ಲಿ ದೊಡ್ಡ ಪಾಲು ಲಾಫ್ಟಿನ, ಅಂದರೆ ಕ್ಲಬ್ಬಿನ ಮುಖದ ಓರೆಯ ಚಮತ್ಕಾರ. ನಂಬರು ಸಣ್ಣದಾದಷ್ಟೂ ಓರೆ ಕಡಿಮೆ, ಚೆಂಡು ಹೋಗುವುದು ದೂರ. ಹಿಂದಿನ ಐದು, ಆರನೇ ನಂಬರಿಗೆ ಇದ್ದ ಓರೆಯನ್ನು ಇವತ್ತು ಏಳಕ್ಕೆ ಕೊಟ್ಟಿದ್ದಾರೆ. ಸುಮ್ನೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ.

ಆದರೆ ಸ್ವಾಮಿ, ನಿಮ್ಮ ಮೇಲೂ ನನಗೆ ಸ್ವಲ್ಪ ಬೇಸರ ಇದೆ. ಒಂದು ಚೆಂಡನ್ನೂ ಹೊಡೆಯದೆ ರೇಟು ಕೇಳಲು ಹೋದಿರಿ. ನಾವೆಲ್ಲ ಹೀಗೇ ಆಗಿಬಿಟ್ಟಿದ್ದೇವೆ. ಮಗು ಓಡಬೇಕೆಂದರೆ ಮೊದಲು ಶೂ, ಈಜಬೇಕೆಂದರೆ ಮೊದಲು ಪ್ಯಾಕೇಜು. ಕಲಿಯುವ ಮೊದಲೇ ಅಕಾಡೆಮಿಯ ಹೆಸರು ಬೆನ್ನ ಮೇಲೆ ಬರುತ್ತದೆ. ಆಟಕ್ಕೆ ಬೇಲಿ ಹಾಕಿದವರು ಬೇರೆಯವರೇ, ನಿಜ. ಆ ಬೇಲಿಗೆ ಟಿಕೆಟ್ ಕೊಂಡು ಕೊಂಡು ಗಟ್ಟಿ ಮಾಡಿದವರು ನಾವು. ಮತ್ತೆ ಆ ಬೇಲಿ ಬರೀ ದುಡ್ಡಿನದೂ ಅಲ್ಲ. ವೃತ್ತಿಪರ ಗಾಲ್ಫ್ ಆಟಗಾರರ ಸಂಘವಾದ ಅಮೆರಿಕದ ಪಿಜಿಎ ಬಿಳಿಯರಿಗೆ ಮಾತ್ರ ಎಂಬ ತನ್ನ ನಿಯಮ ತೆಗೆದದ್ದು 1961ರಲ್ಲಿ. ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯೆಂಟ್ ಕ್ಲಬ್ ಹೆಂಗಸರನ್ನು ಸದಸ್ಯರಾಗಿ ಸೇರಿಸಲು ಒಪ್ಪಿದ್ದು 2014ರಲ್ಲಿ! ಸಂಪ್ರದಾಯ ಉಳಿಸಬೇಕು ಎನ್ನುವವರು ಯಾವ ಸಂಪ್ರದಾಯ ಎಂದು ಬಿಡಿಸಿ ಹೇಳಲಿ.

ಬೆತ್‌ಪೇಜ್ ಬ್ಲ್ಯಾಕ್ ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಉದ್ಯಾನದ ಮೈದಾನ. 2002ರಲ್ಲಿ ಯು.ಎಸ್. ಓಪನ್ ಅಲ್ಲೇ ನಡೆಯಿತು. ಅಲ್ಲಿ ಆಡಲು ಜನ ಹಿಂದಿನ ರಾತ್ರಿಯೇ ಬಂದು ಕಾರಿನಲ್ಲಿ ಮಲಗಿ ಸರದಿ ಕಾಯುತ್ತಾರೆ. ಸಾರ್ವಜನಿಕ ಮೈದಾನ ಎಂದರೆ ಕಳಪೆ ಎನ್ನುವ ಗೆಳೆಯರಿಗೆ ಇದನ್ನು ಓದಿ ಹೇಳಿ.

ಮಗಳಿಗೆ ಮೊದಲು ಒಂದು ಹಳೆಯ ಪಟರ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಕೋಲು, ಕೊಡಿಸಿ. ಪಾರ್ 72ರ, ಅಂದರೆ 18 ಹೋಲಿಗೆ ಒಟ್ಟು 72 ಹೊಡೆತದ ಲೆಕ್ಕವಿರುವ ಮೈದಾನದಲ್ಲಿ, ಹೋಲಿಗೆ ಎರಡರಂತೆ 36 ಹೊಡೆತ ಪಟಿಂಗಿಗೇ ಲೆಕ್ಕ. ಅಂದರೆ ಅರ್ಧ ಆಟ ಒಂದೇ ಕೋಲಿನಲ್ಲಿದೆ, ಅದನ್ನು ಕಲಿಯಲು ಸದಸ್ಯತ್ವ ಬೇಡ. ಕಾಲರ್ ಶರ್ಟಿನ ವಿಷಯ: ಅದು ಕ್ಲಬ್ಬುಗಳು ತಾವೇ ಮಾಡಿಕೊಂಡ ಕಟ್ಟಳೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ. ಟೀ ಶರ್ಟಾದರೂ ಪರವಾಗಿಲ್ಲ ಎನ್ನುವ ಮೈದಾನ ಸಿಕ್ಕರೆ ವಿಳಾಸವನ್ನು ನಮಗೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಸಂಪಾದಕ